ರಾಣಿಯರ ಗಂಡಂದಿರ ಬಗ್ಗೆ ನನ್ನ ಗಂಡನ ಭಾಷಣ

ಅಮೆರಿಕಕ್ಕೆ ಬಂದದ್ದು ನಾನು. ನನ್ನ ಯಜಮಾನರು ನನ್ನ ವೀಸಾದ ಬಾಲ ಹಿಡಿದುಕೊಂಡು ಬಂದರು. ಎಪ್ಪತ್ತರ ದಶಕದಲ್ಲಿ ಅಲ್ಲಿನ ಕ್ವೀನ್ಸ್ ಬಡಾವಣೆಯಲ್ಲಿದ್ದ ಕನ್ನಡದವರಿಗೆ ಇದು ಉಲ್ಟಾ ಸಂಗತಿ. ಉಳಿದವರ ಮನೆಗಳಲ್ಲಿ ಗಂಡ ಎಂಜಿನಿಯರು, ಹೆಂಡತಿ ಹಿಂದಿನಿಂದ ಬಂದವಳು. ನಮ್ಮಲ್ಲಿ ನಾನು ಆಸ್ಪತ್ರೆಯಲ್ಲಿ ರೆಸಿಡೆಂಟ್ ಡಾಕ್ಟರು. ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಅವರು ಸಂಬಳವಿಲ್ಲದ ರಜೆ ಹಾಕಿ ಬಂದು ಅಪಾರ್ಟ್‌ಮೆಂಟಿನಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. ಇಲ್ಲಿನ ಯಾವ ಕಾಲೇಜೂ ಅವರನ್ನು ಕರೆಯಲಿಲ್ಲ.

ಆ ರಜೆ ಜೂನ್‌ಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ವಾಪಸ್ ಹೋಗದಿದ್ದರೆ ಮೈಸೂರಿನ ಕೆಲಸವೂ ಇಲ್ಲ. ಆಸ್ಪತ್ರೆಯಲ್ಲಿ ನನ್ನ ಟ್ರೇನಿಂಗ್ ಮುಗಿಯುವುದು ಇನ್ನೂ ದೂರವಿತ್ತು. ಈ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಎತ್ತಿದರೆ ತೀರ್ಮಾನ ಮಾಡಬೇಕಾಗುತ್ತದಲ್ಲ!

ಯುಗಾದಿಗೆ ಕನ್ನಡದವರೆಲ್ಲ ಒಂದು ಚರ್ಚಿನ ಬೇಸ್‌ಮೆಂಟ್ ಬಾಡಿಗೆಗೆ ಹಿಡಿದು ಸೇರಿದ್ದೆವು. ಹಸಿ ಬೇವು ಸಿಗದೆ, ಯಾರೋ ಊರಿನಿಂದ ತಂದಿಟ್ಟುಕೊಂಡಿದ್ದ ಒಣ ಬೇವಿನ ಹೂವನ್ನೇ ಬೆಲ್ಲಕ್ಕೆ ಉದುರಿಸಿದ್ದರು. ಕಾರ್ಯಕ್ರಮ ನಡೆಸುತ್ತಿದ್ದ ಹಿರಿಯರು ಮೈಕ್ ಹಿಡಿದು, “ಈಗ ನಮ್ಮ ಡಾಕ್ಟರಮ್ಮನ ಯಜಮಾನ್ರು ಎರಡು ಮಾತಾಡ್ತಾರೆ” ಎಂದರು. ಜನ ನಕ್ಕರು. ಇವರೂ ನಕ್ಕು, ಕೋಟಿನ ಗುಂಡಿ ಹಾಕಿಕೊಂಡು ಎದ್ದರು.

“ರಾಣಿಯರ ಗಂಡಂದಿರ ವಿಷಯ ಹೇಳ್ತೀನಿ. ಈ ಸಬ್ಜೆಕ್ಟ್‌ನಲ್ಲಿ ನಂಗೆ ಪ್ರಾಕ್ಟಿಕಲ್ ಎಕ್ಸ್‌ಪೀರಿಯನ್ಸ್ ಇದೆ.”

ಕಟ್ಟಿಹಾಕಿದ್ದ ನಾಲಿಗೆ ಬಿಚ್ಚಿಕೊಂಡಿತು. ಹೆಂಡತಿಯ ಪಟ್ಟಾಭಿಷೇಕದಲ್ಲಿ ಎಲ್ಲರೆದುರು ಮಂಡಿಯೂರಿ ವಿಧೇಯನಾಗಿರುತ್ತೇನೆಂದು ಪ್ರಮಾಣ ಮಾಡಿದವನು, ಮನೆಯಲ್ಲಿ ತಾನು ಗಂಡ ಮಾತ್ರ, ಯಜಮಾನನಲ್ಲ ಎಂದು ಗೆಳೆಯನ ಹತ್ತಿರ ಗೋಳಾಡಿದವನು, ರಾಣಿಯನ್ನು ಬಿಟ್ಟು ತನ್ನ ರಾಜ್ಯಕ್ಕೆ ಹೊರಟುಹೋದವನು, ಒಬ್ಬೊಬ್ಬರೂ ಆ ಬೇಸ್‌ಮೆಂಟಿಗೆ ಬಂದು ಹೋದರು. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಮದುವೆಯಾದ ಹೊಸತರಲ್ಲಿ ನಾನು ಮೆಚ್ಚಿದ್ದು ಈ ಮನುಷ್ಯನನ್ನೇ.

ಆಮೇಲೆ ಪೋರ್ಚುಗಲ್ ಬಂತು. “ಅಲ್ಲಿ ರಾಣಿ ಗಂಡನಿಗೆ ಮದುವೆ ಆದ ಕೂಡ್ಲೇ ರಾಜ ಅನ್ನೋ ಪಟ್ಟ ಸಿಕ್ತಿರ್ಲಿಲ್ಲ. ಮೊದಲು ಮಗು ಹುಟ್ಟಬೇಕು!”

ಸಭೆ ಗೊಳ್ಳೆಂದು ನಕ್ಕಿತು. ಪಕ್ಕದ ಹೆಂಗಸರು ನನ್ನ ಹೊಟ್ಟೆಯ ಕಡೆ ನೋಡಿದರು. ಟ್ರೇನಿಂಗ್ ಮುಗಿಯಲಿ ಎಂದು ಮಗುವನ್ನು ಮುಂದಕ್ಕೆ ಹಾಕಿದವಳು ನಾನು. ಮೈಯೆಲ್ಲ ಉರಿದುಹೋಯಿತು.

ಮನೆಗೆ ಹೋಗುವಾಗ ಎಂದಿನಂತೆ ಕಾರು ಓಡಿಸುತ್ತಿದ್ದವಳೂ ನಾನೇ.

“ಮಗು ಬೇಕು ಅಂತಿದ್ರೆ ಮನೇಲಿ ಕೇಳ್ಬೇಕಿತ್ತು. ಅಷ್ಟು ಜನರ ಮುಂದೆ ಮರ್ಯಾದೆ ತೆಗೆದ್ರಲ್ಲ” ಎಂದೆ.

“ಅದು ಇತಿಹಾಸ ಕಣೇ. ನಿನಗೆ ಅಂತ ಹೇಳಿದ್ದಲ್ಲ.”

“ಮಗು ಆದ್ರೆ ಇಲ್ಲೇ ಇರ್ತೀರಾ?”

ಬಾಯಿ ತಪ್ಪಿ ಬಂದ ಮಾತಲ್ಲ. ಅವರನ್ನು ಉಳಿಸಿಕೊಳ್ಳಲು ನಾನು ಅದಕ್ಕೂ ಸಿದ್ಧಳಾಗಿದ್ದೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವರು ಕೋಟಿನ ಗುಂಡಿ ಬಿಚ್ಚಿದರು.

“ಇವತ್ತು ಅಷ್ಟೊಂದು ಜನ ನನ್ನ ಮಾತು ಕೇಳ್ತಾ ಕೂತಿದ್ರಲ್ಲ, ನಂಗೆ ಬೇಕಾಗಿರೋದು ಅದು. ಮಗು ಬಂದ್ರೂ ಅದು ಬರಲ್ಲ.”

ನನಗೆ ಅಳು ಬರಬೇಕಿತ್ತು, ಕೋಪ ಬಂತು. “ಹಾಗಾದ್ರೆ ಹೋಗಿ. ಜೂನ್‌ಗೇ ಹೊರಡಿ. ನಾನೇನು ಹಿಡ್ಕೊಂಡಿದೀನಾ?”

ನಮ್ಮಲ್ಲಿ ಹೆಂಡತಿ ಹಾಗೆ ‘ಹೋಗಿ’ ಎಂದರೆ ಹೋಗಬೇಡಿ ಎಂದೇ ಅರ್ಥ. ಯಾವ ಗಂಡನಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಈಗ ಬೈಯುತ್ತಾರೆ, ‘ಸುಮ್ನೆ ಗಾಡಿ ಓಡ್ಸೇ’ ಎನ್ನುತ್ತಾರೆ ಎಂದು ಕಾದೆ.

ಅವರು ನನ್ನ ಕಡೆ ತಿರುಗಿ, “ಥ್ಯಾಂಕ್ಸ್” ಎಂದರು.

ಮದುವೆಯಾದಾಗಿನಿಂದ ಅವರು ನನಗೆ ಥ್ಯಾಂಕ್ಸ್ ಹೇಳಿದ್ದೇ ಇರಲಿಲ್ಲ. ಗಂಡ ಹೆಂಡತಿಗೆ ಹಾಗೆಲ್ಲ ಹೇಳುವ ಪದ್ಧತಿ ನಮ್ಮ ಮನೆಗಳಲ್ಲಿಲ್ಲ. ಇಷ್ಟು ದಿನವೂ ಅವರು ನನ್ನ ಅಪ್ಪಣೆಗೆ ಕಾಯುತ್ತಿದ್ದರು ಎಂದು ನನಗೆ ಆಗ ಗೊತ್ತಾಯಿತು.