ಇಸ್ತ್ರಿಯಕ್ಕನ ಮಧ್ಯಾಹ್ನಗಳು

ಶರ್ಟು ಇಸ್ತ್ರಿ ಮಾಡುವುದಕ್ಕೆ ಒಂದು ಕ್ರಮವಿದೆ. ಮೊದಲು ಕಾಲರು, ಆಮೇಲೆ ಭುಜ, ಆಮೇಲೆ ತೋಳು, ಕೊನೆಗೆ ಮೈ. ಇದನ್ನು ಹಿಂದುಮುಂದು ಮಾಡಿದರೆ ಒಂದು ಕಡೆ ತೀಡಿದ್ದು ಇನ್ನೊಂದು ಕಡೆ ಮುದುಡಿಕೊಳ್ಳುತ್ತದೆ. ಇಸ್ತ್ರಿಯಕ್ಕ ಇಪ್ಪತ್ತಾರು ವರ್ಷದಿಂದ ಒಂದೇ ಲಾಂಡ್ರಿಯಲ್ಲಿ ಈ ಕ್ರಮ ತಪ್ಪದೆ ಶರ್ಟು ತೀಡುತ್ತ ಬಂದವಳು. ಅವಳ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಬೀದಿಗೆಲ್ಲ ಅವಳು ಇಸ್ತ್ರಿಯಕ್ಕ, ಅವಳ ಗಂಡ ಮೀಟರಣ್ಣ.

ಮೀಟರಣ್ಣ ಮನೆಮನೆಗೆ ಹೋಗಿ ಕರೆಂಟು ಮೀಟರ್ ಓದಿ ಬರೆದುಕೊಳ್ಳುವ ಕೆಲಸದಲ್ಲಿದ್ದವನು. ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಮನೆಗೆ ಬಂದವನೇ, ಮೀಟರಿನೊಳಗಿನ ಚಕ್ರ ತಿರುಗುವುದು ಕರೆಂಟಿಗಲ್ಲ, ಮನೆಯವರು ಆಡುವ ಮಾತಿಗೆ ಎಂದ. ಇಸ್ತ್ರಿಯಕ್ಕ ನಕ್ಕಳು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದಳು. ಆ ನಗು ನೆನಪಾದರೆ ಅವಳಿಗೆ ಈಗಲೂ ತನ್ನ ಮೇಲೇ ಸಿಟ್ಟು ಬರುತ್ತದೆ. ವಾರದೊಳಗೆ ಅವನು ಮೀಟರಿಗೆ ಬೆಡ್‌ಶೀಟು ಹೊದಿಸಿದ, ಮಾತು ನಿಲ್ಲಿಸಿದ. ಆರು ತಿಂಗಳೊಳಗೆ ಕೆಲಸವೂ ಹೋಯಿತು. ಮಾತ್ರೆಗಳು ಶುರುವಾದ ಮೇಲೆ ಭಯ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ.

ಕೆಲಸ ಹೋದ ಸಂಗತಿಯನ್ನು ಅವಳು ಅವನಿಗೆ ಹೇಳಲೇ ಇಲ್ಲ. "ನಿಮ್ಮ ಕೆಲಸ ಎಲ್ಲೂ ಹೋಗಿಲ್ಲ ಕಣ್ರೀ. ಹುಷಾರಾದ ಮೇಲೆ ಬನ್ನಿ, ಕಾಯ್ತೀವಿ ಅಂದಿದ್ದಾರೆ," ಎಂದು ಮೊದಲ ವರ್ಷ ಒಮ್ಮೆ ಬಾಯಿಗೆ ಬಂದದ್ದು ಹೇಳಿಬಿಟ್ಟಳು. ಆಮೇಲೆ ಅದನ್ನೇ ಹೇಳುತ್ತ ಹೋಗಬೇಕಾಯಿತು. ಅವನ ಚರ್ಮದ ಚೀಲ, ಅದರೊಳಗಿನ ಟಾರ್ಚು, ಪೆನ್ಸಿಲ್ಲು ಎಲ್ಲ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದವು. ಭಾನುವಾರಕ್ಕೊಮ್ಮೆ ಅವಳು ಚೀಲದ ಧೂಳು ಒರೆಸುವಳು. ಅವನು ಕುಳಿತು ನೋಡುವನು.

ಸರ್ಕಾರದ ಅಂಗವೈಕಲ್ಯ ಭತ್ಯೆ ಬರುತ್ತಿದ್ದುದರಿಂದ ಅವಳು ಲಾಂಡ್ರಿಯಲ್ಲಿ ಬೆಳಗಿನ ಅರ್ಧ ಪಾಳಿ ಮಾತ್ರ ಮಾಡುತ್ತಿದ್ದಳು. ಮಾತ್ರೆಯ ಮಂಪರಿನಲ್ಲಿ ಅವನು ಹನ್ನೆರಡರವರೆಗೂ ಮಲಗಿರುತ್ತಿದ್ದ. ಎಚ್ಚರವಾಗುವ ಹೊತ್ತಿಗೆ ಅವಳು ಮನೆಯಲ್ಲಿರಬೇಕು. ಒಂದೇ ಒಂದು ಸಲ ಲಾಂಡ್ರಿಯ ಮೇಸ್ತ್ರಿಯ ಒತ್ತಾಯಕ್ಕೆ ಪೂರ್ತಿ ಪಾಳಿ ಮಾಡಿ ಬಂದಾಗ ಬಾಗಿಲು ಹಾರುಹೊಡೆದಿತ್ತು, ಒಲೆ ಉರಿಯುತ್ತಿತ್ತು. ಮೀಟರಣ್ಣ ಮೂರು ಬೀದಿ ಆಚೆ ಯಾರದೋ ಮನೆಯ ಮೀಟರ್ ಪೆಟ್ಟಿಗೆಯನ್ನು ಬರಿಗೈಯಲ್ಲಿ ಕೀಳುತ್ತ ನಿಂತಿದ್ದ. ಬೆರಳೆಲ್ಲ ರಕ್ತ. ಆವತ್ತಿನಿಂದ, ಬೇರೆಯವರಿಗೆ ಭತ್ಯೆ ಎಂದರೆ ದುಡ್ಡಾದರೆ ಅವಳಿಗೆ ಭತ್ಯೆ ಎಂದರೆ ಮಧ್ಯಾಹ್ನ.

ಇಷ್ಟು ವರ್ಷ ಡಾಕ್ಟರು ಬರೆದುಕೊಟ್ಟ ಕಾಗದವನ್ನು ಭತ್ಯೆ ಕಚೇರಿಯ ಕಿಟಕಿಯಲ್ಲಿ ಕೊಟ್ಟರೆ ಸಾಕಿತ್ತು. ಈ ವರ್ಷ ನಿಯಮ ಬದಲಾಯಿತು. ಪುಣ್ಯಾತ್ಮರು ಯಾರೋ ಎಲ್ಲೋ ಫ್ಯಾನಿನ ಕೆಳಗೆ ಕುಳಿತು ಬದಲಾಯಿಸಿದರು. ಇನ್ನು ಮುಂದೆ ಪ್ರತಿಯೊಬ್ಬರೂ ಖುದ್ದಾಗಿ ಬಂದು ಅಧಿಕಾರಿಯ ಪ್ರಶ್ನೆಗಳಿಗೆ ತಾವೇ ಉತ್ತರಿಸಬೇಕು. ಉತ್ತರಕ್ಕೆ ಅಂಕ. ಜೊತೆಗೆ ಬಂದವರು ಹಿಂದಿನ ಕುರ್ಚಿಯಲ್ಲಿ ಕೂರಬಹುದು, ಬಾಯಿ ಬಿಡುವಂತಿಲ್ಲ. ಕಾಲಿಲ್ಲದವನಿಗೆ ಈ ನಿಯಮ ಸರಿಹೋದೀತು, ಹೋಗಿ ತೋರಿಸಿ ಬಂದಾನು. ತಲೆಯೊಳಗಿನದನ್ನು ಯಾವ ಮೇಜಿನ ಮೇಲೆ ಇಟ್ಟು ತೋರಿಸುವುದು?

ಅವಳಿಗೆ ಇದೆಲ್ಲ ಹೊಳೆಯಲಿಲ್ಲ. ಅವಳಿಗೆ ಹೊಳೆದದ್ದು ಒಂದೇ: ಗಂಡನನ್ನು ನಾಲ್ಕು ಜನರ ಮುಂದೆ ಕರೆದುಕೊಂಡು ಹೋಗಬೇಕು. ಕಾಯಿಲೆಯ ಹೊಸತರಲ್ಲಿ ಬೀದಿಯವರು ಅವನ ಕೊಳೆ ಬಟ್ಟೆ ನೋಡಿ ನಕ್ಕಿದ್ದರು. ಆವತ್ತಿನಿಂದ ಅವಳು ಅವನನ್ನು ಹಾಗೇ ಹೊರಗೆ ಕಳಿಸಿದ್ದಿಲ್ಲ. ಹೊರಡುವ ಮುಂಚೆ ಮುಖಕ್ಷೌರ, ಸ್ನಾನ, ಗಂಜಿ ಹಾಕಿ ತೀಡಿದ ಬಿಳಿ ಶರ್ಟು. ಆಮೇಲೆ ಮೂರು ಮಾತು ಬಾಯಿಪಾಠ: ಚೆನ್ನಾಗಿದ್ದೀನಿ, ಊಟ ಆಯ್ತು, ನಿಮ್ಮನೇಲಿ ಎಲ್ಲ ಹೇಗಿದ್ದಾರೆ? ಈ ಮೂರು ಮಾತಿನಲ್ಲಿ ಯಾವ ಮಾತುಕತೆಯನ್ನಾದರೂ ದಾಟಬಹುದು ಎಂಬುದು ಅವಳ ಅನುಭವ.

ಪರೀಕ್ಷೆಯ ದಿನವೂ ಅವಳ ಕೈ ತನ್ನ ಪಾಡಿಗೆ ತಾನು ಅದನ್ನೇ ಮಾಡಿತು. ಗಲ್ಲ ನುಣ್ಣಗಾಯಿತು, ಶರ್ಟು ಗರಿಗರಿಯಾಯಿತು.

ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಂಪ್ಯೂಟರಿನ ಪಕ್ಕ ಆರಿದ ಟೀ.

"ಹೇಗಿದ್ದೀರಾ ಸಾರ್?"

"ಚೆನ್ನಾಗಿದ್ದೀನಿ."

"ಬಟ್ಟೆ ನೀವೇ ಹಾಕ್ಕೊಳ್ತೀರಾ?"

"ಹಾಕ್ಕೊಳ್ತೀನಿ."

"ಒಬ್ಬರೇ ಹೊರಗೆ ಹೋಗೋ ಅಭ್ಯಾಸ ಇದೆಯಾ?"

"ಅಯ್ಯೋ, ದಿನಕ್ಕೆ ನೂರಿಪ್ಪತ್ತು ಮನೆ ಸುತ್ತಬೇಕಲ್ಲ," ಎಂದ ಮೀಟರಣ್ಣ. ಆಮೇಲೆ, "ನಿಮ್ಮನೇಲಿ ಎಲ್ಲ ಹೇಗಿದ್ದಾರೆ?" ಎಂದು ಕೇಳಿದ.

ಆ ಹುಡುಗಿ ನಕ್ಕು, ಎಲ್ಲ ಚೆನ್ನಾಗಿದ್ದಾರೆ ಎಂದಳು. ಹಿಂದಿನ ಕುರ್ಚಿಯಲ್ಲಿದ್ದ ಇಸ್ತ್ರಿಯಕ್ಕನಿಗೆ ಏನನಿಸಿತು ಗೊತ್ತೇ? ಹೆಮ್ಮೆ. ಎಷ್ಟು ನೀಟಾಗಿ ಮಾತಾಡಿದ ನನ್ನ ಗಂಡ ಎಂದು ಎದೆಯುಬ್ಬಿತು. ಬಸ್ಸಿನಲ್ಲಿ ಅವನ ಕೈ ಹಿಡಿದುಕೊಂಡೇ ಬಂದಳು.

ಮೂರು ವಾರಕ್ಕೆ ಕಾಗದ ಬಂತು. 'ಶುಚಿಯಾದ ಉಡುಪು. ವಿನಯದ ಮಾತು. ಸ್ವಂತ ಆರೈಕೆಯಲ್ಲಿ ಸಮರ್ಥರು. ಒಬ್ಬರೇ ಓಡಾಡಬಲ್ಲರು. ಅಂಕ: ಸೊನ್ನೆ.' ತಿಂಗಳ ಕೊನೆಗೆ ಭತ್ಯೆ ನಿಲ್ಲುತ್ತದೆ, ಒಪ್ಪಿಗೆಯಿಲ್ಲದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಅವಳು ಆ ಮೊದಲ ಸಾಲನ್ನೇ ಮತ್ತೆ ಮತ್ತೆ ಓದಿದಳು. ಶುಚಿಯಾದ ಉಡುಪು. ತನ್ನ ಕೈಯಾರೆ ತೀಡಿದ ಶರ್ಟೇ ತನಗೆ ತಿರುಗಿಬಿದ್ದಿತ್ತು.

ಭಾನುವಾರ ನಾದಿನಿ ಬಂದಳು. ಅವಳಿಗೆ ಬಾಯಿ ಜಾಸ್ತಿ, ಮನಸ್ಸು ಕೆಟ್ಟದ್ದಲ್ಲ. "ಅತ್ತಿಗೆ, ನಿಮಗೆ ಬುದ್ಧಿ ಬೇಡ್ವಾ? ಅಲ್ಲಿಗೂ ಮದುಮಗನ ಥರ ಕರ್ಕೊಂಡು ಹೋಗಿದ್ದೀರಲ್ಲ! ಒಂದು ವಾರ ಗಡ್ಡ ಬಿಡಿಸಿ, ಹಳೇ ಬನಿಯನ್ ಹಾಕಿ ಕರ್ಕೊಂಡು ಹೋಗಿ. ಅವರೇ ಕೈಮುಗಿದು ಕೊಡ್ತಾರೆ." ಆಮೇಲೆ ದನಿ ತಗ್ಗಿಸಿ, "ಆದ್ರೂ ನಮ್ಮಣ್ಣ ಚೆನ್ನಾಗೇ ಇದ್ದಾನಲ್ವಾ?" ಎಂದಳು. ಅವಳು ಬರುವ ಭಾನುವಾರಗಳಲ್ಲೂ ಶರ್ಟು ಗರಿಗರಿಯಾಗಿರುತ್ತಿತ್ತು ನೋಡಿ. ಅವಳದೇನು ತಪ್ಪು?

ಕಿಟಕಿಯ ಗುಮಾಸ್ತನಿಗೆ ಬೇಸಿಗೆಯಲ್ಲೂ ನೆಗಡಿ. ಮೂಗೊರೆಸಿಕೊಳ್ಳುತ್ತ ಮೇಲ್ಮನವಿಯ ಫಾರಮ್ಮು ಕೊಟ್ಟ. "ಅಲ್ಲಿ ನೀವು ಮಾತಾಡಬಹುದು ಅಮ್ಮ. ಒಳ್ಳೇ ದಿನದ ಕಥೆ ಹೇಳಕ್ಕೆ ಹೋಗಬೇಡಿ. ತೀರಾ ಕೆಟ್ಟ ದಿನ ಏನಾಗುತ್ತೆ, ಅದನ್ನ ಹೇಳಿ. ಒಂದೂ ಮುಚ್ಚಿಡಬೇಡಿ."

"ಅವರು ಹೊರಗೆ ಕೂತಿರಬಹುದಾ?"

"ಇಲ್ಲಮ್ಮ. ಅವರ ವಿಷಯ ಅವರ ಎದುರಿಗೇ ಹೇಳಬೇಕು. ಬೆನ್ನ ಹಿಂದೆ ಯಾರೂ ಏನೂ ಹೇಳಬಾರದು ಅಂತ ಹೊಸ ನಿಯಮ."

ಕಾಗದದ ಮೇಲೆ ಎಂಥ ಒಳ್ಳೆಯ ನಿಯಮ! ಬರೆದವರಿಗೆ ಇವಳ ಮನೆಯ ಮೊಳೆಯಲ್ಲಿ ತೂಗುವ ಚೀಲದ ಸಂಗತಿ ಹೇಗೆ ಗೊತ್ತಿರಬೇಕು?

ನಾದಿನಿಯ ಮಾತಿನಂತೆ ಐದು ದಿನ ಕ್ಷೌರ ಮಾಡಲಿಲ್ಲ. ಮೀಟರಣ್ಣ ಗಲ್ಲ ಸವರಿಕೊಳ್ಳುತ್ತ ಅವಳ ಮುಖ ನೋಡುವನು, ಏನೂ ಕೇಳಲಾರ. ಮೇಲ್ಮನವಿಯ ದಿನ ಹಳೆಯ ಬನಿಯನ್ ಹುಡುಕಿ ತರುವಷ್ಟರಲ್ಲಿ ಅವನು ಮಂಚದ ತುದಿಯಲ್ಲಿ ಕುಳಿತಿದ್ದ, ಮಡಿಲಲ್ಲಿ ಬಿಳಿ ಶರ್ಟು.

"ಇದು ಇಸ್ತ್ರಿ ಆಗಿಲ್ವಲ್ಲೇ. ಹೀಗೆ ಹೋದ್ರೆ ಜನ ನಿನ್ನನ್ನ ಏನಂದಾರು?"

ತನ್ನನ್ನಲ್ಲ, ಅವಳನ್ನು. ಅವಳು ಬನಿಯನ್ನನ್ನು ಮೂಲೆಗೆ ಎಸೆದು ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಳು. ಮೊದಲು ಕಾಲರು, ಆಮೇಲೆ ಭುಜ. ಕ್ಷೌರವನ್ನೂ ಮಾಡಿದಳು. ಅವನನ್ನು ಕೊಳಕಾಗಿ ತೋರಿಸುವುದು ಅವಳ ಕೈಲಾಗದ ಕೆಲಸ. ಉಳಿದದ್ದು ಬಾಯಿ ಮಾತ್ರ.

ಮೇಜಿನ ಆಚೆ ಮೂವರು. ಮಧ್ಯದ ಕನ್ನಡಕದ ಹೆಂಗಸೇ ದೊಡ್ಡ ಅಧಿಕಾರಿ. "ಫೈಲು ನೋಡಿದ್ರೆ ಇವರಿಗೆ ತೊಂದರೆ ಏನೂ ಕಾಣಿಸಲ್ಲ. ನೀವೇನು ಹೇಳ್ತೀರಮ್ಮ?"

ಇಸ್ತ್ರಿಯಕ್ಕ ಪಕ್ಕದಲ್ಲಿದ್ದ ಗಂಡನ ಕಡೆ ತಿರುಗದೆ, ಮೇಜಿನ ಮೇಲಿದ್ದ ಪೇಪರ್‌ವೆಯ್ಟಿಗೆ ಹೇಳುವವಳಂತೆ ಶುರುಮಾಡಿದಳು.

"ಆ ಶರ್ಟು ನಾನು ಹಾಕಿದ್ದು ಮೇಡಮ್. ಗುಂಡಿ ಸಮೇತ. ಸ್ನಾನ ನಾನೇ ಮಾಡಿಸ್ತೀನಿ, ನೀರಿನ ಸದ್ದಿಗೆ ಹೆದರ್ತಾರೆ. ತಟ್ಟೇಲಿರೋದನ್ನ ಮೊದಲು ನಾನು ತಿಂದು ತೋರಿಸಬೇಕು, ಇಲ್ಲದಿದ್ರೆ ಮುಟ್ಟಲ್ಲ. ಮೀಟರಿಗೆ ಬಟ್ಟೆ ಹೊದಿಸಿರ್ತೀವಿ. ಅದು ಜಾರಿದ ದಿನ ಮೂಲೇಲಿ ಮುದುರಿ ಕೂತ್ಕೋತಾರೆ, ಬಟ್ಟೇಲೇ ಎಲ್ಲ ಆಗಿಹೋಗುತ್ತೆ. ಹೇಗಿದ್ದೀರಾ ಅಂದ್ರೆ ಚೆನ್ನಾಗಿದ್ದೀನಿ ಅನ್ನೋದು ನಾನು ಕಲಿಸಿದ್ದು. ದಿನಕ್ಕೆ ನೂರಿಪ್ಪತ್ತು ಮನೆ ಅಂದ್ರಲ್ಲ, ಅದು ಹನ್ನೊಂದು ವರ್ಷದ ಹಿಂದಿನ ಮಾತು."

ಪಕ್ಕದ ಕುರ್ಚಿ ಒಮ್ಮೆ ಕಿರುಗುಟ್ಟಿತು. ಬರೆದುಕೊಳ್ಳುತ್ತಿದ್ದವರ ಪೆನ್ನು ಓಡುತ್ತಿತ್ತು.

"ಒಂದು ಕೊನೇ ಪ್ರಶ್ನೆ," ಎಂದರು ಕನ್ನಡಕದವರು. ದನಿ ಮೆತ್ತಗಾಗಿತ್ತು. "ಇದನ್ನ ಕೇಳಲೇಬೇಕು, ಫಾರಮ್ಮಿನಲ್ಲಿದೆ. ಮುಂದೆ ಯಾವತ್ತಾದ್ರೂ ಇವರು ಕೆಲಸಕ್ಕೆ ವಾಪಸ್ ಹೋಗಬಹುದು ಅಂತ ನಿಮಗೆ ಅನಿಸುತ್ತಾ?"

ಹನ್ನೊಂದು ವರ್ಷ ಹೇಳಿದ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೌದು ಎಂದರೆ ಗಂಡನಿಗೆ ಸಮಾಧಾನ, ಭತ್ಯೆಗೆ ಕುತ್ತು. ಇಲ್ಲ ಎಂದರೆ ಮಧ್ಯಾಹ್ನಗಳು ಉಳಿಯುತ್ತವೆ.

"ಇಲ್ಲ ಮೇಡಮ್," ಎಂದಳು. "ಆ ಕೆಲಸ ಹೋಗಿ ಹನ್ನೊಂದು ವರ್ಷ ಆಯ್ತು. ಇನ್ನು ಅವರು ಹೋಗಲ್ಲ."

ಕನ್ನಡಕದವರು ಪಕ್ಕದವರೊಡನೆ ಎರಡು ಮಾತು ಪಿಸುಗುಟ್ಟಿ, ಭತ್ಯೆಯನ್ನು ಎರಡು ವರ್ಷ ಮುಂದುವರಿಸುತ್ತೇವೆ ಎಂದರು. ಎರಡು ವರ್ಷದ ನಂತರ ಮತ್ತೆ ಬರಬೇಕು, ಮತ್ತೆ ಇದೇ ಮೇಜು, ಇದೇ ಪ್ರಶ್ನೆ. ಇಸ್ತ್ರಿಯಕ್ಕ ಕೈಮುಗಿದಳು. ಗೆದ್ದೆ ಎಂದು ಅವಳಿಗೆ ಅನಿಸಲೇ ಇಲ್ಲ, ಬರಿಯ ಸುಸ್ತು. ಇಡೀ ದಿನ ನಿಂತು ತೀಡಿದ ಮೇಲೂ ಅಷ್ಟು ಸುಸ್ತು ಯಾವತ್ತೂ ಆಗಿರಲಿಲ್ಲ.

ಬಸ್ಸಿನಲ್ಲಿ ಮೀಟರಣ್ಣ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಅವಳು ಎರಡು ಸಲ "ರೀ" ಎಂದಳು. ಅವನು ಹಿಂದೋಡುವ ಮನೆಗಳನ್ನೇ ನೋಡುತ್ತಿದ್ದ. ಆ ಮೇಜಿನ ಮುಂದೆ ತಾನು ಹೇಳಿದ್ದು ಅವನಿಗೆ ಕೇಳಿಸಿತೋ ಇಲ್ಲವೋ, ಅರ್ಥವಾಯಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಅರ್ಥವಾಗದಿದ್ದರೇ ಒಳ್ಳೆಯದು ಎಂದು ಬೇಡಿಕೊಂಡಳು. ಗಂಡನಿಗೆ ಬುದ್ಧಿ ಬಾರದಿರಲಿ ಎಂದು ಬೇಡಿಕೊಳ್ಳುವ ಸ್ಥಿತಿ ಯಾವ ಹೆಂಡತಿಗೂ ಬರಬಾರದು.

ಮನೆಗೆ ಬಂದಾಗ ಒಂದು ಗಂಟೆ. ಅವಳು ಊಟ ಬಿಸಿ ಮಾಡಿ, ತಟ್ಟೆಗೆ ಹಾಕಿ, ಎಂದಿನಂತೆ ಮೊದಲ ತುತ್ತು ತಾನೇ ಎತ್ತಿದಳು.

"ಬೇಡ," ಎಂದ ಅವನು.

ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ತಾನೇ ಕಲೆಸಿ ತಿಂದ. ಪ್ರತಿ ತುತ್ತಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅರ್ಧ ತಟ್ಟೆ ಮುಗಿಯುವಷ್ಟರಲ್ಲಿ ಹಣೆ ತುಂಬ ಬೆವರು. ಆಮೇಲೆ ಎದ್ದು ಕೈ ತೊಳೆದು, ಬಾಗಿಲ ಬಳಿಗೆ ಹೋಗಿ ಮೊಳೆಯಿಂದ ಚೀಲ ತೆಗೆದ. ಒಳಗೆ ಕೈ ಹಾಕಿ ಟಾರ್ಚು ಇದೆಯೇ, ಪೆನ್ಸಿಲ್ಲು ಇದೆಯೇ ಎಂದು ನೋಡಿಕೊಂಡು, ಪಟ್ಟಿ ಬಿಗಿದು, ಅವಳ ಮುಂದೆ ಇಟ್ಟ.

"ಇದನ್ನ ನಾಳೆ ಆಫೀಸಿಗೆ ವಾಪಸ್ ಕೊಟ್ಟುಬಿಡೇ," ಎಂದ. "ಇನ್ನು ನೀನು ಇದರ ಧೂಳು ಒರೆಸೋದು ಬೇಡ."

ಅವನು ಶರ್ಟಿನ ಗುಂಡಿ ಬಿಚ್ಚಲು ಹೋದ, ಒಂದೂ ಬರಲಿಲ್ಲ. ಕೈ ಇಳಿಬಿಟ್ಟು ಅವಳ ಮುಂದೆ ಬಂದು ನಿಂತ. ಅವಳು ಕಾಲರಿನಿಂದ ಶುರುಮಾಡಿ ಒಂದೊಂದೇ ಗುಂಡಿ ಬಿಚ್ಚಿದಳು. ಮಧ್ಯಾಹ್ನ ಮುಗಿಯಲು ಇನ್ನೂ ಬಹಳ ಹೊತ್ತಿತ್ತು.