ಬಾಯಿಗೆ ಅಡ್ಡ ಹಿಡಿದ ಹಾಳೆ

ವರ್ಲಿನ್ ಹ್ಯಾಸ್ಕೆಲ್ ಕೋಚ್ ಕೆಲಸ ಬಿಟ್ಟು ಕಾಲೇಜಿನ ಕ್ರೀಡಾ ನಿರ್ದೇಶಕರಾಗಿ ವರ್ಷಗಳೇ ಕಳೆದರೂ ನೆಬ್ರಾಸ್ಕದ ಆ ಪುಟ್ಟ ಊರಿನವರ ಬಾಯಲ್ಲಿ ಅವರಿನ್ನೂ ಕೋಚೇ. ಕುರ್ಚಿ ಬಂತು, ಟೈ ಬಂತು. ಮಾತಾಡುವಾಗ ಬಾಯಿಗೆ ಹಾಳೆ ಅಡ್ಡ ಹಿಡಿಯುವ ಚಾಳಿ ಮಾತ್ರ ಹೋಗಲಿಲ್ಲ. ಅಮೆರಿಕನ್ ಫುಟ್‌ಬಾಲ್ ಮೈದಾನದಂಚಿನಲ್ಲಿ ನಿಂತ ಕೋಚ್‌ಗಳು, ತಮ್ಮ ತಂತ್ರವನ್ನು ಎದುರಾಳಿಗಳು ತುಟಿ ನೋಡಿಯೇ ಓದಿಬಿಟ್ಟಾರೆಂದು ಹಾಗೆ ಮಾಡುತ್ತಾರೆ. ಹ್ಯಾಸ್ಕೆಲ್ ಹೋಟೆಲಿನಲ್ಲೂ ಮೆನು ಅಡ್ಡ ಹಿಡಿದೇ ತಿಂಡಿ ಹೇಳುತ್ತಾರೆ. “ಎರಡು ಮೊಟ್ಟೆ ತಾನೇ ಕೋಚ್? ಯಾರೂ ಕದಿಯಲ್ಲ, ಜೋರಾಗಿ ಹೇಳಿ,” ಎಂದು ಬಡಿಸುವ ಲೊರೀನ್ ರೇಗಿಸುತ್ತಾಳೆ. ಚರ್ಚಿನಲ್ಲಿ ದೇವರೊಂದಿಗಿನ ಮಾತೂ ಹಾಡಿನ ಪುಸ್ತಕದ ಮರೆಯಲ್ಲೇ. ಮನೆಯಲ್ಲಿ ಪತ್ರಿಕೆ ಮೇಲೆದ್ದರೆ ಹೆಂಡತಿ ಮರ್ನಾ, “ನಾನು ಯಾವ ಟೀಮು ಅಂತ ಇನ್ನೂ ಗೊತ್ತಾಗಿಲ್ವೇನ್ರೀ ನಿಮಗೆ?” ಎನ್ನುತ್ತಾಳೆ. ಈ ಸಲ ತಂಡ ಕೊನೆಯ ಪಂದ್ಯವನ್ನೂ ಸೋತಾಗ, ಈಗಿನ ಕೋಚ್ ರೋಸ್ಕೊನನ್ನು ತೆಗೆಯುವ ಕೆಲಸ ನಿರ್ದೇಶಕರ ಪಾಲಿಗೇ ಬಂತು. ಒಂದು ಕಾಲಕ್ಕೆ ಅವರೇ ಆಡಿಸಿ ಬೆಳೆಸಿದ್ದ ಹುಡುಗ ಅವನು. ಅಂದು ಹ್ಯಾಸ್ಕೆಲ್ ಮೇಜಿನ ಮೇಲಿನ ಹಾಳೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಬಾಯಿಗೆ ಏನೂ ಅಡ್ಡವಿಲ್ಲದೆ, “ನಾಳೆಯಿಂದ ಬೇರೆಯವರು ಬರ್ತಾರೆ ಕಣೋ,” ಎಂದರು. ರೋಸ್ಕೊ ಕೈಯಲ್ಲಿದ್ದ, ಆಟದ ತಂತ್ರ ಬರೆದ ಹಾಳೆಯನ್ನು ಮೆಲ್ಲಗೆ ಬಾಯಿಗೆ ಅಡ್ಡ ತಂದು, ಅದರ ಹಿಂದಿನಿಂದ, “ಆಯ್ತು ಕೋಚ್,” ಎಂದ. ಎದುರಾಳಿಯ ಮುಂದೆ ತುಟಿ ಕಾಣಿಸಬಾರದೆಂದು ಅವನಿಗೆ ಕಲಿಸಿದವರು ಹ್ಯಾಸ್ಕೆಲ್ ಅವರೇ.