ಕೆಮ್ಮುವ ಕೀಲಿಕೈ

ಕೀಲಿಕೈ ಕತ್ತರಿಸುವ ಆಕೆಗೆ ಹೆತ್ತವರು ಇಟ್ಟ ಹೆಸರು ಏನೋ ಇತ್ತು. ಬೀದಿಯವರು ಅದನ್ನು ಯಾವತ್ತೋ ಮರೆತು ಕೂದಲಕ್ಕ ಎಂದು ಕರೆಯುತ್ತಿದ್ದರು. ತಲೆಯ ಮೇಲಿನ ಕೂದಲಿಗಾಗಿ ಅಲ್ಲ, ಅದು ಕಿರುಬೆರಳಿನ ದಪ್ಪದ ಜಡೆಗೂ ಸಾಲುತ್ತಿರಲಿಲ್ಲ. ಯಾರದೇ ಕೀ ಕೈಗೆ ಬಂದರೂ ಬೆಳಕಿಗೆ ಹಿಡಿದು, ಮೂರನೇ ಕಚ್ಚು ಒಂದು ಕೂದಲು ಎತ್ತರ ಎಂದು ತೀರ್ಪು ಕೊಡುವುದು ಅವಳ ಅಭ್ಯಾಸ. ಅವಳ ಲೆಕ್ಕದಲ್ಲಿ ಒಂದು ಕೂದಲೆಂದರೆ ಮಿಲಿಮೀಟರಿನ ಹತ್ತನೇ ಒಂದು ಪಾಲು.

ಅಷ್ಟು ಸಣ್ಣದಕ್ಕೆ ಇಷ್ಟು ರಂಪ ಏಕೆ ಎಂದು ಕೇಳಿದವರಿಗೆ ಅವಳು ಮೇಜಿನ ಮೇಲೆ ಬಿಚ್ಚಿಟ್ಟ ಹಳೇ ಬೀಗವನ್ನು ತೋರಿಸುತ್ತಿದ್ದಳು. ಒಳಗೆ ಐದು ಪಿನ್ನುಗಳು, ಒಂದೊಂದೂ ಎರಡೆರಡು ತುಂಡು, ತಲೆಯ ಮೇಲೆ ಸ್ಪ್ರಿಂಗು. ಕೀ ಹೋಗಿ ಐದನ್ನೂ ಎತ್ತಿದಾಗ ತುಂಡುಗಳು ಕೂಡುವ ಜಾಗ ಐದರಲ್ಲೂ ಒಂದೇ ಗೆರೆಗೆ ಬರಬೇಕು. ಬಂದರೆ ಬೀಗ ತಿರುಗುತ್ತದೆ. ಒಂದು ಪಿನ್ನು ಗೆರೆ ದಾಟಿತೋ, ಮಿಕ್ಕ ನಾಲ್ಕು ಎಷ್ಟು ಮರ್ಯಾದಸ್ಥರಾಗಿ ನಿಂತಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಕಚ್ಚಿನ ತಳದಲ್ಲಿ ಎಷ್ಟು ಹಿತ್ತಾಳೆ ಉಳಿದಿದೆ, ಕೀಯ ಹೆಗಲಿನಿಂದ, ಅಂದರೆ ಹಿಡಿಯ ಕೆಳಗೆ ಬೀಗಕ್ಕೆ ತಾಗಿ ನಿಲ್ಲುವ ಅಂಚಿನಿಂದ, ಕಚ್ಚು ಎಷ್ಟು ದೂರ, ಇವೆರಡನ್ನೂ ಅಳೆಯದೆ ಉಜ್ಜುವ ಅರಕ್ಕೆ ಕೈ ಹಾಕಬಾರದು. ಯಾವ ಕಂಪನಿಯ ಬೀಗಕ್ಕೆ ಯಾವ ಅಳತೆ ಎಂಬುದೆಲ್ಲ ಅವಳ ಕಪ್ಪು ರಟ್ಟಿನ ಪುಸ್ತಕದಲ್ಲಿತ್ತು.

ಪುಸ್ತಕದಲ್ಲಿ ಅಲ್ಲಲ್ಲಿ ಅಳತೆಯ ಪಕ್ಕ ಒಂದು ಕೆಂಪು ಚುಕ್ಕೆಯೂ ಇತ್ತು. ಅದು ಕೂದಲಕ್ಕನ ತುಂಟತನದ ಗುರುತು. ಅತ್ತೆಮನೆಯ ಕೀಯನ್ನು ಅವರಿಗೆ ಗೊತ್ತಾಗದಂತೆ ತಂದು ಇನ್ನೊಂದು ಮಾಡಿಕೊಡಿ ಎನ್ನುವ ಅಳಿಯ, ಬಾಡಿಗೆಗೆ ಕೊಟ್ಟ ಕೋಣೆಯೊಳಗೆ ಹೆಣ್ಣುಮಕ್ಕಳು ಹೇಗಿದ್ದಾರೆ ಎಂದು ನೋಡಿ ಬರುವ ಕಾಳಜಿಯ ಮಾಲೀಕ, ಇಂಥವರು ಬಂದರೆ ಅವಳು ಇಲ್ಲ ಎನ್ನುತ್ತಿರಲಿಲ್ಲ. ಇಲ್ಲ ಎಂದರೆ ಮುಂದಿನ ಬೀದಿಯಲ್ಲಿ ಮಾಡಿಸುತ್ತಾರೆ. ನಗುನಗುತ್ತಾ ಕತ್ತರಿಸಿ, ಐದರಲ್ಲಿ ಒಂದು ಕಚ್ಚನ್ನು ಒಂದೂವರೆ ಕೂದಲು ಎತ್ತರ ಬಿಡುತ್ತಿದ್ದಳು. ಆ ಕೀ ಬೀಗವನ್ನು ತೆರೆಯುತ್ತದೆ, ಆದರೆ ಸುಮ್ಮನೆ ತೆರೆಯುವುದಿಲ್ಲ. ಸ್ವಲ್ಪ ಹೊರಗೆಳೆದು, ಕೆಳಗೊತ್ತಿ, ಗಡಗಡ ಅಲ್ಲಾಡಿಸಬೇಕು. ಅಷ್ಟರಲ್ಲಿ ಒಳಗಿದ್ದವರು ಎದ್ದು ಸೆರಗು ಸರಿಮಾಡಿಕೊಂಡು ಕೈಗೆ ಸೌಟು ತೆಗೆದುಕೊಂಡಿರುತ್ತಾರೆ. ಹಿಂದಿನ ಕಾಲದ ಹಿರಿಯರು ಒಳಗೆ ಬರುವ ಮುಂಚೆ ಕೆಮ್ಮುತ್ತಿದ್ದರಂತೆ. ಕೆಮ್ಮದವರಿಗೆ ಕೂದಲಕ್ಕ ಕೆಮ್ಮುವ ಕೀ ಕೊಡುತ್ತಿದ್ದಳು. ಅವರು ಬಂದು ದೂರಿದರೆ ಬೀಗಕ್ಕೆ ವಯಸ್ಸಾಯಿತು ಎನ್ನುವುದು, ಅಷ್ಟೇ.

ಈಗ ವಯಸ್ಸಾದದ್ದು ಅವಳ ಕಣ್ಣಿಗೆ. ಪೊರೆ ತೆಗೆಸಿದ ಮೇಲೂ ಕಚ್ಚು ಅಳೆಯುವ ವರ್ನಿಯರಿನ ಸಣ್ಣ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ನಲವತ್ತು ವರ್ಷ ಕೂತ ಮೇಜನ್ನು ಯಾರಿಗಾದರೂ ಒಪ್ಪಿಸಲೇಬೇಕು. ಮಗನ ಕೈ ಹಾರೆ ಹಿಡಿಯಲು ಲಾಯಕ್ಕು, ಅರಕ್ಕಲ್ಲ. ಅವನು ಸಂತೋಷವಾಗಿ ಬಸ್ಸು ಓಡಿಸಿಕೊಂಡಿದ್ದ. ಉಳಿದವರು ಇಬ್ಬರು. ತಮ್ಮನ ಮಗ, ಗುಂಡಿ ಒತ್ತಿದರೆ ತಾನೇ ಅಳೆದು ತಾನೇ ಕತ್ತರಿಸುವ ಯಂತ್ರ ತಂದು ಕೂರಿಸುತ್ತೇನೆ ಎಂದು ತುದಿಗಾಲಲ್ಲಿ ನಿಂತಿದ್ದ. ಇನ್ನೊಬ್ಬಳು ಸೊಸೆ. ಏಳು ವರ್ಷದಿಂದ ಅಂಗಡಿಯ ಮುಂಭಾಗದಲ್ಲಿ ಕೂತು ಕೀಗೊಂಚಲು ಮಾರುತ್ತಾ, ಈ ಮೇಜು ತನಗೆ ಸಿಗಬೇಕು ಎಂದು ಬಾಯಿಬಿಟ್ಟು ಕೇಳಿದ್ದಳು.

ಕೂದಲಕ್ಕ ಕೊಡಲಾರೆ ಎಂದಿದ್ದಳು, ಕಾರಣವೂ ಗಟ್ಟಿಯಾಗಿತ್ತು. ಸೊಸೆ ಜನ್ಮದಲ್ಲಿ ಕತ್ತರಿಸಿದ್ದು ಒಂದೇ ಕೀ. ಮೂರು ವರ್ಷದ ಹಿಂದೆ ಮಗನ ಮನೆಗೆ ಹೊಸ ಬೀಗ ಹಾಕಿದಾಗ ಅತ್ತೆಗೊಂದು ಇರಲಿ ಎಂದು ತಾನೇ ಮಾಡಿಕೊಟ್ಟದ್ದು. ಅಂಗಡಿಯ ಮೇಲಿನ ಕೋಣೆಯಲ್ಲಿದ್ದ ಕೂದಲಕ್ಕ ಹೊತ್ತುಗೊತ್ತಿಲ್ಲದೆ ಆ ಮನೆಗೆ ಹೋಗುತ್ತಿದ್ದಳು. ಬಾಗಿಲು ತಟ್ಟುವ ಪದ್ಧತಿ ಇಟ್ಟುಕೊಂಡಿರಲಿಲ್ಲ, ಮಗನ ಮನೆಗೆ ತಟ್ಟುವುದೇನು? ನೇರ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡಿದ ಮೇಲೆಯೇ ಮಾತು. ಆದರೆ ಪ್ರತಿ ಸಲವೂ ಆ ಕೀ ಬೀಗದಲ್ಲಿ ತಕರಾರು ತೆಗೆಯುತ್ತಿತ್ತು. ಹೊರಗೆ ನಿಂತು ಗಡಗಡ ಅಲ್ಲಾಡಿಸುತ್ತಾ, ಇಂಥ ಕೈಗೆ ನನ್ನ ಮೇಜು ಕೊಡಬೇಕಂತೆ ಎಂದು ಅವಳು ಬಾಗಿಲಿಗೇ ಹೇಳುತ್ತಿದ್ದಳು. ಅದನ್ನೊಮ್ಮೆ ಅಳೆದು ನೋಡುವ ಗೋಜಿಗೆ ಹೋಗಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ.

ಮೇಜು ಸೋದರಳಿಯನಿಗೆ ಎಂದು ತೀರ್ಮಾನಿಸಿ ಒಂದು ಬೆಳಿಗ್ಗೆ ಅವನನ್ನು ಕರೆಸಿದಳು. ಸೊಸೆಯೂ ಅಲ್ಲೇ ನಿಂತಿದ್ದಳು. ಅವಳ ಮುಖ ನೋಡಲಾಗದೆ, ನ್ಯಾಯವಾಗಿಯೇ ನಡೆದುಕೊಂಡೆ ಎಂದು ತೋರಿಸಿಬಿಡೋಣ ಅನ್ನಿಸಿ, ಕೂದಲಕ್ಕ ಸೊಂಟದ ಚೀಲದಿಂದ ಆ ಕೀಯನ್ನು ತೆಗೆದು ಸೋದರಳಿಯನ ಕೈಗಿಟ್ಟಳು. ಅವನ ಹೊಸ ವರ್ನಿಯರಿನಲ್ಲಿ ಅಂಕಿಗಳು ತಾವೇ ಮೂಡುತ್ತಿದ್ದವು. ಐದೂ ಅಳೆದು ಗಟ್ಟಿಯಾಗಿ ಓದು ಎಂದಳು. ಆ ಬೀಗದ ಅಳತೆ ಅವಳಿಗೆ ಬಾಯಿಪಾಠ.

ಅವನು ಓದಿದ. ಮೊದಲನೆಯದು ಏಳು ಇಪ್ಪತ್ತು, ಅಂದರೆ ಏಳು ಮಿಲಿಮೀಟರಿನ ಮೇಲೆ ನೂರರಲ್ಲಿ ಇಪ್ಪತ್ತು ಪಾಲು. ಸರಿಯಾಗಿತ್ತು. ಎರಡನೆಯದು ಆರು ಇಪ್ಪತ್ತು. ಅದೂ ಸರಿ. ಕೂದಲಕ್ಕ ಕುರ್ಚಿಯಲ್ಲಿ ಸ್ವಲ್ಪ ಮಿಸುಕಿದಳು. ಮೂರನೆಯದು ಆರು ಎಂಬತ್ತೈದು ಎಂದಾಗ, ನೋಡಿದೆಯಾ, ಆರು ಎಪ್ಪತ್ತು ಇರಬೇಕಿತ್ತು ಎಂದು ಗೆದ್ದವಳಂತೆ ಸೊಸೆಯ ಕಡೆ ತಿರುಗಿದಳು. ಸೊಸೆ ಕೀಗೊಂಚಲುಗಳ ಧೂಳು ಒರೆಸುತ್ತಿದ್ದಳು. ನಾಲ್ಕನೆಯದು ಏಳು ಎಪ್ಪತ್ತು. ಐದನೆಯದು ಆರು ಇಪ್ಪತ್ತು. ಎರಡೂ ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಕೂದಲಕ್ಕ ಕೀಯನ್ನು ಅವನ ಕೈಯಿಂದ ತೆಗೆದುಕೊಂಡಳು. ಒರಟು ಕೈ ಐದು ಕಡೆಯೂ ತಪ್ಪುತ್ತದೆ. ನಾಲ್ಕು ಕಡೆ ಹೀಗೆ ಕೂತು ಒಂದೇ ಕಡೆ ತಪ್ಪಬೇಕಾದರೆ ಆ ಕೈ ತಪ್ಪಿದ್ದಲ್ಲ. ಅದೂ ಎಷ್ಟು? ಒಂದೂವರೆ ಕೂದಲು. ಅವಳಿಗೆ ಮೊದಲು ಮೈಯೆಲ್ಲ ಉರಿಯಿತು. ಮೂರು ವರ್ಷ, ದಿನಕ್ಕೆ ಎರಡು ಸಲ, ಆ ಕಳ್ಳ ಅಳಿಯಂದಿರ ಸಾಲಿನಲ್ಲಿ ತನ್ನನ್ನು ನಿಲ್ಲಿಸಿದ್ದಳಲ್ಲ ಇವಳು! ತಾನು ಚಾಪೆಯ ಕೆಳಗೆ ತೂರಿದರೆ ಇವಳು ರಂಗೋಲಿಯ ಕೆಳಗೆ ತೂರಿದ್ದಳು.

"ನನ್ನ ಪುಸ್ತಕ ನೋಡಿದ್ಯಾ?" ಎಂದು ಕೇಳಿದಳು.

"ಏಳು ವರ್ಷ ಇಲ್ಲೇ ಕೂತಿದೀನಲ್ಲ ಅತ್ತೆ. ಕೆಂಪು ಚುಕ್ಕೆ ದೂರಕ್ಕೂ ಕಾಣ್ಸುತ್ತೆ."

"ಮತ್ತೆ ನಂಗ್ಯಾಕೆ ಇಂಥ ಕೀ?"

ಸೊಸೆ ಬಟ್ಟೆಯನ್ನು ಮಡಚಿಟ್ಟಳು. "ನೀವು ಕೆಮ್ಮಲ್ವಲ್ಲ ಅತ್ತೆ. ಅದಕ್ಕೆ ಕೀ ಕೈಲಿ ಕೆಮ್ಮಿಸ್ದೆ."

ಸೋದರಳಿಯನಿಗೆ ತಲೆಬುಡ ಅರ್ಥವಾಗಲಿಲ್ಲ. ಇಬ್ಬರ ಮುಖವನ್ನೂ ನೋಡಿ, ಯಂತ್ರದಲ್ಲಾದರೆ ಇಂಥ ತಪ್ಪು ಆಗುವುದೇ ಇಲ್ಲ ಎಂದು ತನ್ನ ಮಾತನ್ನು ಮುಂದೆ ಹಾಕಿದ. ಅದೇ ಅದರ ದೋಷ ಎಂದಳು ಕೂದಲಕ್ಕ. ಅವಳಿಗೆ ನಾಚಿಕೆಯೂ ಆಗಿತ್ತು, ಅದಕ್ಕಿಂತ ಹೆಚ್ಚು ಖುಷಿಯಾಗಿತ್ತು. ನಲವತ್ತು ವರ್ಷದಲ್ಲಿ ಅವಳ ಕೆಮ್ಮನ್ನು ಹಿಡಿದವರು ಒಬ್ಬರೂ ಇರಲಿಲ್ಲ. ಅವಳನ್ನೇ ಕೆಮ್ಮಿಸಿದ ಕೈ ಮೂರು ವರ್ಷದಿಂದ ಎದುರಿಗೇ ಕೂತು ಬೈಸಿಕೊಂಡಿತ್ತು. ಸೋದರಳಿಯನಿಗೆ ಕಾಫಿ ಕುಡಿಸಿ ಕಳಿಸಿ, ತನ್ನ ಹಳೇ ವರ್ನಿಯರನ್ನೂ ಕಪ್ಪು ಪುಸ್ತಕವನ್ನೂ ಸೊಸೆಯ ಮುಂದೆ ತಳ್ಳಿದಳು. ಸೋಲೊಪ್ಪಿಕೊಳ್ಳುವಾಗಲೂ ಒಂದು ಮಾತು ಮೇಲಿರಬೇಕಲ್ಲ, ಅದನ್ನೂ ಸೇರಿಸಿದಳು.

"ಒಂದೂವರೆ ಕಮ್ಮಿಯಾಯ್ತು ಕಣೇ. ನನ್ನಂಥೋಳಿಗೆ ಎರಡು ಇಡ್ಬೇಕಿತ್ತು."

ಅವತ್ತು ಸಂಜೆ ಮಗನ ಮನೆಯ ಬಾಗಿಲಲ್ಲಿ ನಿಂತು ಕೀ ಅಲ್ಲಾಡಿಸುವಾಗ ಅವಳು ಮೊದಲ ಬಾರಿಗೆ ಒಳಗಿನ ಸದ್ದಿಗೆ ಕಿವಿಗೊಟ್ಟಳು. ಮಗನ ನಗು, ಸೊಸೆಯ ಬಳೆ, ಕುರ್ಚಿ ಸರಿದದ್ದು. ಬೀಗ ಆಗಲೇ ತಿರುಗಿತ್ತು. ಆದರೂ ಇನ್ನೆರಡು ಸಲ ಅಲ್ಲಾಡಿಸಿಯೇ ಒಳಗೆ ಹೋದಳು, ಮುಚ್ಚಳ ಎತ್ತಲಿಲ್ಲ.

ಅಂದುಕೊಂಡಷ್ಟು ಸುಲಭಕ್ಕೆ ಚಟ ಬಿಡುವುದಿಲ್ಲ. ವಾರವೊಂದು ಕಳೆಯುವುದರೊಳಗೆ ಅವಳು ಕಾರಣವಿದ್ದೂ ಇಲ್ಲದೆಯೂ ಅಂಗಡಿಗೆ ಇಳಿದು, ಸೊಸೆ ಅರ ಹಿಡಿದಿರುವಾಗ ಹೆಗಲ ಹಿಂದೆ ಬಂದು ನಿಲ್ಲತೊಡಗಿದಳು. ಮಹಡಿಯಿಂದ ಅಂಗಡಿಗೆ ಇಳಿಯುವ ಒಳಬಾಗಿಲಿಗೆ ಸೊಸೆ ಹೊಸ ಬೀಗ ಹಾಕಿದಳು. ಹಳೆಯದು ಸವೆದಿತ್ತಂತೆ. ಅತ್ತೆಗೊಂದು ಕೀಯನ್ನು ತಾನೇ ಕತ್ತರಿಸಿ, ಒರೆಸಿ, ಎರಡೂ ಕೈಯಲ್ಲಿ ಕೊಟ್ಟಳು.

ಮರುದಿನ ಕೂದಲಕ್ಕ ಅದನ್ನು ಬೀಗಕ್ಕೆ ಹಾಕಿದಳು. ತಿರುಗಲಿಲ್ಲ. ಹೊರಗೆಳೆದು, ಕೆಳಗೊತ್ತಿ, ಅಲ್ಲಾಡಿಸಿದಳು. ಅಳೆಯಲು ಕಣ್ಣು ಬೇಕಾಗಲಿಲ್ಲ, ಬೆರಳೇ ಹೇಳಿತು. ಸರಿಯಾಗಿ ಎರಡು ಕೂದಲು.